ಹಗಲು ಅಂಕಿ, ರಾತ್ರಿ ಅಂಕಿ: ಎರಡು ದರದ ಮೀಟರ್‌ನಲ್ಲಿ ಬಿಲ್ ತಪ್ಪಿದಾಗ ಎಲ್ಲಿ ಹುಡುಕಬೇಕು

ಬ್ರಿಟನ್ನಿನಲ್ಲಿ ಗ್ಯಾಸ್ ಸಂಪರ್ಕವಿಲ್ಲದ ಫ್ಲ್ಯಾಟ್ ಬಾಡಿಗೆಗೆ ಹಿಡಿದರೆ ಮೀಟರ್‌ನಲ್ಲಿ ಒಂದರ ಬದಲು ಎರಡು ಅಂಕಿ ಕಾಣುವ ಸಂಭವ ಹೆಚ್ಚು. ಅದು ಎಕಾನಮಿ 7. 1978ರಲ್ಲಿ ಬಂದ ಈ ಪದ್ಧತಿಯಲ್ಲಿ ರಾತ್ರಿಯ 7 ಗಂಟೆ ಅಗ್ಗದ ದರ. ಉಳಿದ 17 ಗಂಟೆಗೆ ಸಾಮಾನ್ಯ ಒಂದೇ ದರಕ್ಕಿಂತ ತುಸು ದುಬಾರಿ. ಮೀಟರ್ ಓದುವವರು ಮನೆಗೇ ಬಂದು ಬಿಲ್ ಕೈಗಿಟ್ಟು ಹೋಗುವ ಕರ್ನಾಟಕದ ರೂಢಿಯಿಂದ ಹೋದವರಿಗೆ ಎರಡೂ ಅಂಕಿಗಳನ್ನು ತಾವೇ ಓದಿ ಕಳಿಸುವುದೇ ಹೊಸ ಕೆಲಸ. ಅದರ ಮೇಲೆ ಅಂಕಿಗಳು ಅದಲುಬದಲಾಗಿದ್ದರೆ ಅದು ವರ್ಷಗಟ್ಟಲೆ ಗೊತ್ತಾಗದೆಯೂ ಹೋಗುತ್ತದೆ, ಏಕೆಂದರೆ ಬಿಲ್ ನೋಡಲು ಸರಿಯಾಗಿಯೇ ಇರುತ್ತದೆ.

ಬಿಲ್ ಸರಿ ಬರಬೇಕಾದರೆ ಮೂರು ಸಂಗತಿ ಒಂದಕ್ಕೊಂದು ತಾಳೆಯಾಗಬೇಕು: ಮೀಟರ್ ಯಾವ ಹೊತ್ತಿಗೆ ಯಾವ ಅಂಕಿಯನ್ನು ಓಡಿಸುತ್ತಿದೆ, ವಿದ್ಯುತ್ ಮಾರುವ ಕಂಪನಿಯ ದಾಖಲೆಯಲ್ಲಿ ಆ ಅಂಕಿಗೆ ಏನು ಹೆಸರಿದೆ, ಮನೆಯ ಹೀಟರ್‌ಗಳು ಯಾವ ಹೊತ್ತಿಗೆ ಕರೆಂಟ್ ಎಳೆಯುತ್ತಿವೆ. ದೋಷ ಯಾವಾಗಲೂ ಈ ಮೂರರ ನಡುವಿನ ಯಾವುದೋ ಸಂದಿನಲ್ಲಿರುತ್ತದೆ. ಹೆಚ್ಚಿನವರು ಬಿಲ್ ಹಿಡಿದು ಕಂಪನಿಗೆ ಫೋನ್ ಮಾಡುವುದರಿಂದ ಶುರುಮಾಡುತ್ತಾರೆ. ಅದು ತಿರುಗಾಮುರುಗಾ. ಆ ಕಡೆ ಕುಳಿತವರ ಮುಂದಿರುವುದು ಅದೇ ತಪ್ಪು ದಾಖಲೆ. ಅದನ್ನೇ ಓದಿ ಹೇಳುತ್ತಾರೆ. ಮೊದಲು ಮೀಟರ್, ಆಮೇಲೆ ಬಿಲ್, ಕೊನೆಗೆ ಫೋನ್.

ಗೋಡೆಯ ಮೇಲಿರುವುದು ಯಾವ ಮೀಟರ್

ನಾಲ್ಕು ಬಗೆ ಸಿಗುತ್ತವೆ. ಎರಡು ಸಾಲು ಉರುಳುವ ಅಂಕಿಗಳಿರುವ ಹಳೆಯ ಮೀಟರ್, ಪಕ್ಕದಲ್ಲಿ ಗಡಿಯಾರದ ಪೆಟ್ಟಿಗೆ. ಒಂದೇ ಪರದೆಯಲ್ಲಿ ಎರಡು ಅಂಕಿ ಸರದಿಯಂತೆ ಬಂದುಹೋಗುವ, ಅಥವಾ ಗುಂಡಿ ಒತ್ತಿದರೆ ಬದಲಾಗುವ ಡಿಜಿಟಲ್ ಮೀಟರ್. ಮೀಟರ್ ಪಕ್ಕ ‘ರೇಡಿಯೋ ಟೆಲಿಸ್ವಿಚ್’ ಎಂದು ಬರೆದ ಪೆಟ್ಟಿಗೆ ಇರುವ ಜೋಡಣೆ. ಕೊನೆಯದು ಸ್ಮಾರ್ಟ್ ಮೀಟರ್. ಕೀಪ್ಯಾಡ್ ಇರುವ ಹಲವು ಮಾದರಿಗಳಲ್ಲಿ 9 ಒತ್ತುತ್ತಾ ಹೋದರೆ ಒಂದೊಂದೇ ರಿಜಿಸ್ಟರ್, ಅಂದರೆ ಒಂದೊಂದು ದರದ ಬಳಕೆಯ ಅಂಕಿ, ಕಾಣಿಸುತ್ತದೆ.

ಅಂಕಿಗಳ ಪಕ್ಕ ‘ಲೋ–ನಾರ್ಮಲ್’ ಅಥವಾ ‘ನೈಟ್–ಡೇ’ ಎಂದಿದ್ದರೆ ಸುಲಭ. ‘1–2’, ‘ಆರ್1–ಆರ್2’ ಎಂದಷ್ಟೇ ಇದ್ದರೆ ಊಹಿಸಲು ಹೋಗಬೇಡಿ. ಒಂದು ಮೀಟರ್‌ನಲ್ಲಿ 1 ಎಂಬುದು ರಾತ್ರಿಯದಾದರೆ ಇನ್ನೊಂದರಲ್ಲಿ ಹಗಲಿನದು. ಗೊಂದಲದ ಮೂಲವೇ ಇದು. ಅಂಟಿಸಿದ ಚೀಟಿಯನ್ನೂ ಪೂರ್ತಿ ನಂಬಬೇಡಿ, ಅದು ಹಿಂದಿನ ಬಾಡಿಗೆದಾರರ ಊಹೆಯೂ ಆಗಿರಬಹುದು.

ಮೀಟರ್, ಗಡಿಯಾರದ ಪೆಟ್ಟಿಗೆ, ಮುಖ್ಯ ಫ್ಯೂಸ್ ಮೂರಕ್ಕೂ ಸೀಲ್ ಇರುತ್ತದೆ. ಆ ಸೀಲ್ ಮುರಿಯುವುದು ಅಪಾಯ ಮಾತ್ರವಲ್ಲ, ಕಾನೂನಿಗೂ ವಿರುದ್ಧ. ಇಲ್ಲಿ ಹೇಳುವ ಯಾವ ಪರೀಕ್ಷೆಗೂ ಏನನ್ನೂ ಬಿಚ್ಚಬೇಕಿಲ್ಲ. ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂದರೆ, ತಂತಿ ಬಿಸಿಯೆನಿಸಿದರೆ ಪರೀಕ್ಷೆ ಅಲ್ಲಿಗೇ ಬಿಡಿ. 105ಕ್ಕೆ ಕರೆ ಮಾಡಿ, ಅದು ಆ ಪ್ರದೇಶದ ವಿದ್ಯುತ್ ಜಾಲದವರಿಗೆ ನೇರ ಹೋಗುವ ಉಚಿತ ಸಂಖ್ಯೆ.

ಮಧ್ಯಾಹ್ನ 3 ಗಂಟೆಯ ಪರೀಕ್ಷೆ

ಎಕಾನಮಿ 7ರ ಅಗ್ಗದ ಹೊತ್ತು ಬ್ರಿಟನ್ನಿನ ಯಾವ ಪ್ರದೇಶದಲ್ಲೂ ಮಧ್ಯಾಹ್ನ 3ಕ್ಕೆ ಬರುವುದಿಲ್ಲ. (ಎಕಾನಮಿ 10 ಎಂಬ ಬೇರೆ ಬಗೆಯಲ್ಲಿ ಮಧ್ಯಾಹ್ನವೂ ಅಗ್ಗದ ಗಂಟೆಗಳಿವೆ. ಬಿಲ್‌ನಲ್ಲಿ ಯಾವ ಹೆಸರಿದೆ ಎಂದು ಮೊದಲೇ ನೋಡಿಕೊಳ್ಳಿ.) ಹಾಗಾಗಿ ಆ ಹೊತ್ತಿಗೆ ಓಡುವ ಅಂಕಿಯೇ ಹಗಲಿನದು.

1. ಎರಡೂ ಅಂಕಿಗಳ ಫೋಟೋ ತೆಗೆಯಿರಿ. ಮೀಟರ್‌ನ ಕ್ರಮಸಂಖ್ಯೆ ಫೋಟೋದಲ್ಲಿ ಕಾಣಬೇಕು.
2. 2 ಕಿಲೋವ್ಯಾಟ್‌ನ ಫ್ಯಾನ್ ಹೀಟರನ್ನು ಒಂದು ಗಂಟೆ ಓಡಿಸಿ. ಅದು 2 ಯೂನಿಟ್. 3 ಕಿಲೋವ್ಯಾಟ್‌ನ ಇಮ್ಮರ್ಶನ್ ಹೀಟರ್ ಇದ್ದರೆ 40 ನಿಮಿಷ ಸಾಕು. ಅದು ಕಾಯಿಸುವ ಬಿಸಿನೀರಿನ ಸಿಲಿಂಡರ್‌ನಲ್ಲಿ ನೀರು ತಣ್ಣಗಿರಬೇಕು, ಇಲ್ಲದಿದ್ದರೆ ಥರ್ಮೋಸ್ಟಾಟ್ ನಡುವೆಯೇ ಆಫ್ ಮಾಡುತ್ತದೆ.
3. ಮತ್ತೆ ಫೋಟೋ. ಯಾವ ಅಂಕಿ ಮುಂದೆ ಹೋಗಿದೆಯೋ ಅದರ ಹೆಸರನ್ನು ಮೀಟರ್ ಮೇಲಿರುವಂತೆಯೇ ಬರೆದಿಟ್ಟುಕೊಳ್ಳಿ.
4. ಇದನ್ನೇ ನಸುಕಿನ 3 ಗಂಟೆಗೂ ಮಾಡಿ. ನಿದ್ದೆ ಕೆಡಿಸಿಕೊಳ್ಳಲು ಮನಸ್ಸಿಲ್ಲದಿದ್ದರೆ ಮಲಗುವ ಮುನ್ನ ಒಂದು ಫೋಟೋ, ಬೆಳಿಗ್ಗೆ ಎದ್ದ ಕೂಡಲೇ ಇನ್ನೊಂದು. ಚಳಿಗಾಲದಲ್ಲಿ ಇಷ್ಟೇ ಸಾಕು.

ಕೆಟಲ್ ಇಟ್ಟು ಪರೀಕ್ಷಿಸುವವರೂ ಇದ್ದಾರೆ. ಒಂದೂವರೆ ಲೀಟರ್ ನೀರು ಕುದಿಯಲು ಬೇಕಾಗುವುದು ಸುಮಾರು 0.15 ಯೂನಿಟ್, ದಶಮಾಂಶ ತೋರಿಸದ ಮೀಟರ್‌ನಲ್ಲಿ ಅಂಕಿ ಅಲುಗುವುದೇ ಇಲ್ಲ. ಚಹಾ ಆದೀತು, ಪರೀಕ್ಷೆ ಆಗದು. ಕೆಂಪು ಚೌಕಟ್ಟಿನ ಕೊನೆಯ ಅಂಕಿ ದಶಮಾಂಶ. ಪರೀಕ್ಷೆಗೆ ಅದನ್ನು ನೋಡಬಹುದು, ಕಂಪನಿಗೆ ರೀಡಿಂಗ್ ಕಳಿಸುವಾಗ ಬಿಡಬೇಕು. ಸೇರಿಸಿ ಕಳಿಸಿದರೆ ರೀಡಿಂಗ್ ಹತ್ತು ಪಟ್ಟಾಗುತ್ತದೆ.

ಮೀಟರ್‌ನ ಮುಖದಲ್ಲಿ ಮಿನುಗುವ ಪುಟ್ಟ ಕೆಂಪು ದೀಪವೂ ಉಪಯೋಗಕ್ಕೆ ಬರುತ್ತದೆ. ಪಕ್ಕದಲ್ಲಿ ಯೂನಿಟ್‌ಗೆ 1000 ಮಿನುಗು ಎಂದಿದ್ದರೆ, 3 ಕಿಲೋವ್ಯಾಟ್ ಹೊರೆಗೆ ನಿಮಿಷಕ್ಕೆ 50 ಸಲ ಮಿನುಗಬೇಕು. ಎಲ್ಲ ಆಫ್ ಮಾಡಿದ ಮೇಲೂ ಹಾಗೆಯೇ ಮಿನುಗುತ್ತಿದ್ದರೆ ನಿಮಗೆ ಗೊತ್ತಿಲ್ಲದ ಒಂದು ಹೀಟರ್ ಎಲ್ಲೋ ಉರಿಯುತ್ತಿದೆ.

ಅದಲುಬದಲು

ಪರೀಕ್ಷೆಯಲ್ಲಿ ಮಧ್ಯಾಹ್ನ ಓಡಿದ ಅಂಕಿಯನ್ನು ಬಿಲ್‌ನಲ್ಲಿ ‘ನೈಟ್’ ಸಾಲಿನಲ್ಲಿ ಕಂಡರೆ ದೋಷ ಸಿಕ್ಕಿತು. ಇದು ಹುಟ್ಟುವುದು ಬಹುಪಾಲು ಎರಡೇ ಸಂದರ್ಭಗಳಲ್ಲಿ: ಮೀಟರ್ ಬದಲಾಯಿಸಿದ ದಿನ, ಅಥವಾ ಕಂಪನಿ ಬದಲಾಯಿಸಿದ ದಿನ. ಎರಡು ರಿಜಿಸ್ಟರ್‌ಗಳ ವಿವರ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ಹೆಸರು ತಿರುಗುಮುರುಗಾಗುತ್ತದೆ. ಅಲ್ಲಿಂದ ಮುಂದೆ ನೀವು ಎಷ್ಟೇ ಸರಿಯಾಗಿ ಓದಿ ಕಳಿಸಿದರೂ ಲೆಕ್ಕ ತಪ್ಪು. ಕೆಲವೊಮ್ಮೆ ತಪ್ಪು ನಮ್ಮ ಕೈಯದೇ: ಆ್ಯಪ್‌ನಲ್ಲಿ ಮೊದಲ ಚೌಕ ಹಗಲಿನದೆಂದುಕೊಂಡು ಮೀಟರ್‌ನ ಮೊದಲ ಅಂಕಿಯನ್ನು ತುಂಬಿರುತ್ತೇವೆ. ಹಾಗೆ ತಪ್ಪಿದರೆ ಒಂದು ಅವಧಿಯಲ್ಲಿ ಬಳಕೆ ಸಾವಿರಾರು ಯೂನಿಟ್ ಜಿಗಿಯುತ್ತದೆ, ಇಲ್ಲವೇ ಅಂಕಿ ಹಿಂದಕ್ಕೆ ಹೋಗುತ್ತದೆ. ದಾಖಲೆಯೇ ತಿರುಗಿದ್ದರೆ ಅಂಥ ಜಿಗಿತ ಇರುವುದಿಲ್ಲ, ಎಲ್ಲವೂ ನಯವಾಗಿ ತಪ್ಪಿರುತ್ತದೆ.

ಬಿಲ್ ನೋಡಿಯೇ ಸಂಶಯ ಪಡಲು ಒಂದು ದಾರಿಯಿದೆ. ರಾತ್ರಿ ಕಾದು ಹಗಲಿಡೀ ಶಾಖ ಬಿಡುವ ಸ್ಟೋರೇಜ್ ಹೀಟರ್ ಇರುವ ಮನೆಯಲ್ಲಿ ಚಳಿಗಾಲ ಬಂದಂತೆ ಏರಬೇಕಾದುದು ರಾತ್ರಿಯ ಅಂಕಿ. ಜುಲೈ ಮತ್ತು ಜನವರಿಯ ಬಿಲ್ ಅಕ್ಕಪಕ್ಕ ಇಡಿ. ಹಗಲಿನದು ಮೂರು–ನಾಲ್ಕು ಪಟ್ಟಾಗಿ ರಾತ್ರಿಯದು ಇದ್ದಲ್ಲೇ ಇದ್ದರೆ ಹೆಸರು ತಿರುಗಿದೆ ಎಂದೇ ಹಿಡಿದು ಪರೀಕ್ಷೆಗೆ ಹೊರಡಿ.

ನಷ್ಟ ಎಷ್ಟಾಗುತ್ತದೆ ನೋಡೋಣ. ಎಣಿಕೆಗೆ ಸುಲಭವಾಗಲೆಂದು ಹಗಲಿಗೆ 30 ಪೆನ್ಸ್, ರಾತ್ರಿಗೆ 15 ಪೆನ್ಸ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹಗಲು 1200, ರಾತ್ರಿ 2800 ಯೂನಿಟ್ ಬಳಸುವ ಮನೆಗೆ ಸರಿಯಾದ ಮೊತ್ತ 780 ಪೌಂಡ್. ತಿರುಗಿದರೆ 1020. ರಾತ್ರಿ ಹೀಟರ್ ಬಳಸದೆ ಹಗಲು 3200, ರಾತ್ರಿ 800 ಬಳಸುವ ಮನೆಗೆ ಇದೇ ತಪ್ಪು ಲಾಭ: 1080 ಬರಬೇಕಾದಲ್ಲಿ 720. ಹಿಗ್ಗುವಂತಿಲ್ಲ. ತಪ್ಪು ಬಯಲಾದ ದಿನ ಬಾಕಿ ಬೀಳುತ್ತದೆ. ಆದರೆ ಕಂಪನಿಯ ಲೋಪದಿಂದ ಆದ ಬಾಕಿಯಾದರೆ 12 ತಿಂಗಳಿಗಿಂತ ಹಿಂದಿನ ಬಳಕೆಗೆ ಮನೆ ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ. 2018ರಿಂದ ಆಫ್‌ಜೆಮ್ ನಿಯಂತ್ರಣ ಸಂಸ್ಥೆಯ ನಿಯಮ ಇದು. ದೊಡ್ಡ ಬಾಕಿ ಬಂದರೆ ಅದು ಯಾವ ತಿಂಗಳಿಂದ ಯಾವ ತಿಂಗಳವರೆಗಿನದೆಂದು ಕೇಳದೆ ಕಟ್ಟಬೇಡಿ.

ಮೀಟರ್‌ನ ಗಡಿಯಾರ, ಗೋಡೆಯ ಗಡಿಯಾರ

ಅಂಕಿ ಸರಿಯಾಗಿ ಓಡುತ್ತಿದೆ, ಹೆಸರೂ ಸರಿ, ಆದರೂ ಬೇಸಿಗೆಯಲ್ಲಿ ಹಗಲಿನ ಬಳಕೆ ಜಾಸ್ತಿ ಬರುತ್ತಿದೆ ಎಂದಾದರೆ ಸಮಯ ನೋಡಿ. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗುತ್ತವೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತವೆ. ಹೆಚ್ಚಿನ ಮೀಟರ್‌ಗಳು ಗ್ರೀನ್‌ವಿಚ್ ಸಮಯದಲ್ಲೇ ಉಳಿಯುತ್ತವೆ. ಅಗ್ಗದ ಹೊತ್ತು 12:30ರಿಂದ 7:30 ಎಂದಿದ್ದರೆ ಬೇಸಿಗೆಯಲ್ಲಿ ಅದು ಗೋಡೆಯ ಗಡಿಯಾರದಲ್ಲಿ 1:30ರಿಂದ 8:30. ರಾತ್ರಿ 12:30ಕ್ಕೆ ಶುರುವಾಗುವಂತೆ ಇಟ್ಟ ವಾಷಿಂಗ್ ಮೆಷಿನ್ ನೀರು ಕಾಯಿಸುವ ಹೊತ್ತನ್ನೆಲ್ಲ ದುಬಾರಿ ಗಂಟೆಯಲ್ಲೇ ಮುಗಿಸಿರುತ್ತದೆ. ವರ್ಷಕ್ಕೆರಡು ಸಲ ಟೈಮರ್ ತಿರುಗಿಸುವ ತಾಪತ್ರಯ ಬೇಡವೆಂದರೆ ಎರಡೂ ಋತುಗಳಿಗೆ ಹೊಂದುವ 1:30ರಿಂದ 7:30ರ ಆರು ಗಂಟೆಯನ್ನೇ ಹಿಡಿದುಕೊಳ್ಳಿ.

ಈ 12:30 ಎಂಬುದು ಎಲ್ಲ ಕಡೆಗೂ ಒಂದೇ ಅಲ್ಲ. ಪ್ರದೇಶಕ್ಕೆ ಒಂದೊಂದು, ಮೀಟರ್‌ಗೂ ಒಂದೊಂದು. ಬಿಲ್‌ನಲ್ಲಿರುವ 13 ಅಂಕಿಯ ಎಂಪ್ಯಾನ್ ಸಂಖ್ಯೆಯ (ಮನೆಯ ವಿದ್ಯುತ್ ಸಂಪರ್ಕದ ಗುರುತು) ಮೊದಲೆರಡು ಅಂಕಿ ಯಾವ ವಿತರಣಾ ಪ್ರದೇಶವೆಂದು ಹೇಳುತ್ತವೆ: 12 ಅಂದರೆ ಲಂಡನ್, 14 ಪಶ್ಚಿಮ ಮಿಡ್‌ಲ್ಯಾಂಡ್ಸ್, 18 ದಕ್ಷಿಣ ಸ್ಕಾಟ್ಲೆಂಡ್. ಪಕ್ಕದ ಊರಿನ ಗೆಳೆಯರ ಮನೆಯ ಹೊತ್ತನ್ನು ನಿಮ್ಮ ಮನೆಗೆ ಅನ್ವಯಿಸಲು ಹೋಗಬೇಡಿ. ನಿಮ್ಮ ಮೀಟರ್‌ಗೆ ದಾಖಲಾದ ಗಂಟೆಗಳನ್ನೇ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಹಳೆಯ ಗಡಿಯಾರದ ಪೆಟ್ಟಿಗೆಯಲ್ಲಿ ಇನ್ನೊಂದು ತೊಂದರೆ, ಕರೆಂಟ್ ಹೋದಷ್ಟು ಹೊತ್ತು ಅದು ಹಿಂದೆ ಬೀಳುವುದು. ಒಳಗಿನ ಸ್ಪ್ರಿಂಗ್ ಅಥವಾ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲವೂ ಒಂದಿಷ್ಟು ತಪ್ಪುತ್ತದೆ. ಹಲವು ವರ್ಷಗಳಲ್ಲಿ ಅದು ಆರೇಳು ಗಂಟೆಯಾಗಿ, ಅಗ್ಗದ ಹೊತ್ತು ಬೆಳಗಿನ ತಿಂಡಿಯ ಸಮಯಕ್ಕೋ ಮಧ್ಯಾಹ್ನಕ್ಕೋ ಬಂದು ನಿಂತಿರುತ್ತದೆ. ಮುಖದ ಗಾಜಿನಲ್ಲಿ ಸಮಯ ಕಂಡರೆ ಫೋನಿನ ಸಮಯದೊಂದಿಗೆ ಹೋಲಿಸಿ: ಒಂದು ಗಂಟೆಯ ವ್ಯತ್ಯಾಸ ಬೇಸಿಗೆಯಲ್ಲಿ ಸಹಜ, ಅದಕ್ಕಿಂತ ಹೆಚ್ಚಿದ್ದರೆ ದೋಷ. ಸಮಯ ಕಾಣದಿದ್ದರೆ ಹಳೆಯ ಫೋನನ್ನು ಮೀಟರ್ ಮುಂದೆ ಒರಗಿಸಿ ಟೈಮ್‌ಲ್ಯಾಪ್ಸ್‌ನಲ್ಲಿ ರಾತ್ರಿಯಿಡೀ ಚಿತ್ರಿಸಿ. ಯಾವ ಗಳಿಗೆಯಲ್ಲಿ ಒಂದು ಅಂಕಿ ನಿಂತು ಇನ್ನೊಂದು ಹೊರಟಿತೆಂದು ಬೆಳಿಗ್ಗೆ ಸಿಗುತ್ತದೆ. ಈ ಪೆಟ್ಟಿಗೆ ಗಡಿಯಾರ ತಪ್ಪಿದೆಯೆಂದಾದರೆ ಮಧ್ಯಾಹ್ನ 3 ಗಂಟೆಯ ಪರೀಕ್ಷೆಯ ಉತ್ತರವನ್ನೂ ಮತ್ತೆ ನೋಡಬೇಕಾಗುತ್ತದೆ. ಪರೀಕ್ಷೆಯನ್ನು ನಸುಕಿಗೂ ಮಾಡಲು ಹೇಳಿದ್ದು ಇದಕ್ಕೇ.

ಒಂದು ಅಂಕಿ ನಿಂತೇ ಹೋಗಿದ್ದರೆ

ರೇಡಿಯೋ ಟೆಲಿಸ್ವಿಚ್ ಪೆಟ್ಟಿಗೆ ಬಿಬಿಸಿ ರೇಡಿಯೋ 4ರ ಲಾಂಗ್‌ವೇವ್ ಪ್ರಸಾರದ ಜೊತೆ, 198 ಕಿಲೋಹರ್ಟ್ಸ್‌ನಲ್ಲಿ, ಬರುತ್ತಿದ್ದ ಸಂಕೇತ ಕೇಳಿ ದರ ಬದಲಿಸುವಂಥದು. ಆ ಸೇವೆಯನ್ನು 2025ರ ಜೂನ್ 30ರಿಂದ ಪ್ರದೇಶವಾರು ಹಂತ ಹಂತವಾಗಿ ನಿಲ್ಲಿಸಲು ಶುರುಮಾಡಿದರು. ಸಂಕೇತ ನಿಂತ ಮೇಲೆ ಪೆಟ್ಟಿಗೆ ಹೇಗೆ ವರ್ತಿಸುತ್ತದೆ ಎಂಬುದು ಒಂದೇ ರೀತಿಯಲ್ಲ: ಹಗಲಿನ ಅಂಕಿಯಲ್ಲೇ ಸಿಕ್ಕಿಕೊಳ್ಳಬಹುದು, ತಪ್ಪು ಹೊತ್ತಿಗೆ ಬದಲಾಗಬಹುದು, ಹೀಟರ್‌ಗಳಿಗೆ ಕರೆಂಟ್ ಬಾರದಿರಬಹುದು, ಬಂದದ್ದು ಹೋಗದೆಯೂ ಇರಬಹುದು. ಇದಕ್ಕೆ ರಿಪೇರಿ ಇಲ್ಲ, ಮೀಟರ್ ಬದಲಾಯಿಸುವುದೊಂದೇ ದಾರಿ. ಆ ಪೆಟ್ಟಿಗೆ ಇನ್ನೂ ಇದ್ದರೆ ದರ ಬದಲಿಸುವ ಯೋಚನೆಯನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಬದಲಾಯಿಸಿಕೊಳ್ಳಿ.

ಸ್ಮಾರ್ಟ್ ಮೀಟರ್‌ನಲ್ಲಿ ಎರಡನೇ ಅಂಕಿ ನಿಂತಿರುವುದು ದೋಷವೇ ಆಗಬೇಕೆಂದಿಲ್ಲ. ಯಾರೋ ಹಿಂದೆ ಒಂದೇ ದರಕ್ಕೆ ಬದಲಿಸಿದ್ದರೆ ಹಳೆಯ ರಾತ್ರಿಯ ಅಂಕಿ ಹಾಗೇ ಹೆಪ್ಪುಗಟ್ಟಿ ಕುಳಿತಿರುತ್ತದೆ. ಬಿಲ್‌ನಲ್ಲೂ ಒಂದೇ ದರವಿದ್ದರೆ ಸರಿ. ಬಿಲ್‌ನಲ್ಲಿ ಎರಡು ದರವಿದ್ದು ಮೀಟರ್ ಒಂದರಲ್ಲೇ ಓಡುತ್ತಿದ್ದರೆ ನೀವು 24 ಗಂಟೆಯೂ ದುಬಾರಿ ದರ ತೆರುತ್ತಿದ್ದೀರಿ. ಅಡುಗೆಮನೆಯಲ್ಲಿಟ್ಟ ಸ್ಮಾರ್ಟ್ ಪರದೆ ತೋರಿಸುವ ಪೌಂಡ್ ಲೆಕ್ಕವನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಕಂಪನಿ ಬದಲಾದ ಮೇಲೂ ಅದರಲ್ಲಿ ಹಳೆಯ ದರ ಉಳಿದಿರುವುದುಂಟು.

ಹೀಟರ್ ತಣ್ಣಗೆ, ಬಿಲ್ ಬಿಸಿ

ಸ್ಟೋರೇಜ್ ಹೀಟರ್‌ಗಳಿಗೆ ಹೆಚ್ಚಾಗಿ ಬೇರೆಯದೇ ಫ್ಯೂಸ್ ಪೆಟ್ಟಿಗೆ ಇರುತ್ತದೆ. ರಾತ್ರಿಯ ಹೊತ್ತಿನಲ್ಲಿ ಮಾತ್ರ ಅದಕ್ಕೆ ಕರೆಂಟ್. ಹೊತ್ತು ಶುರುವಾದಾಗ ಮೀಟರ್ ಕಡೆಯಿಂದ ‘ಟಕ್’ ಎಂದು ಕೇಳಿಸುವುದು ಇದರದೇ ಸದ್ದು. ಹೊಸ ಮೀಟರ್ ಹಾಕಿದ ಮೇಲೆ ಹೀಟರ್ ತಣ್ಣಗಿದ್ದರೆ, ಅಥವಾ ಹಗಲೂ ಕಾದೇ ಇದ್ದರೆ, ಈ ರಾತ್ರಿ ತಂತಿಯನ್ನು ತಪ್ಪಾಗಿ ಸೇರಿಸಿದ್ದಾರೆ ಎಂಬುದೇ ಮೊದಲ ಊಹೆ. ಇಂಥ ಮನೆಗೆ ಐದು ಟರ್ಮಿನಲ್‌ನ (ತಂತಿ ಸೇರಿಸುವ ಜಾಗ) ಮೀಟರ್ ಅಥವಾ ಪ್ರತ್ಯೇಕ ಸ್ವಿಚ್ ಜೋಡಣೆ ಬೇಕು. ಅಪಾಯಿಂಟ್‌ಮೆಂಟ್ ಹಿಡಿಯುವಾಗಲೇ ‘ರಾತ್ರಿ ಮಾತ್ರ ಚಾಲೂ ಆಗುವ ಸರ್ಕ್ಯೂಟ್ ಇದೆ, ಫ್ಯೂಸ್ ಪೆಟ್ಟಿಗೆ ಎರಡು’ ಎಂದು ಹೇಳಿ, ಎರಡರ ಫೋಟೋ ಕಳಿಸಿ. ಹೇಳದಿದ್ದರೆ ನಾಲ್ಕು ಟರ್ಮಿನಲ್‌ನ ಮೀಟರ್ ಹಿಡಿದು ಬರುತ್ತಾರೆ. ಆಮೇಲೆ ವಾಪಸ್ಸು ಹೋಗುತ್ತಾರೆ, ಅಥವಾ ಅದನ್ನೇ ಹಾಕಿ ಹೋಗುತ್ತಾರೆ. ಎರಡನೆಯದು ಹೆಚ್ಚು ಕೆಟ್ಟದ್ದು.

ಹೀಟರ್‌ನ ಬಳಕೆ ಅಳೆಯುವುದು ಸುಲಭ. ಪಕ್ಕದ ಚೀಟಿಯಲ್ಲಿ 1.7, 2.55 ಅಥವಾ 3.4 ಕಿಲೋವ್ಯಾಟ್ ಎಂದಿರುತ್ತದೆ. 7ರಿಂದ ಗುಣಿಸಿ: ರಾತ್ರಿಗೆ ಗರಿಷ್ಠ 11.9, 17.85, 23.8 ಯೂನಿಟ್. ಎಷ್ಟು ಕಾಯಬೇಕೆಂದು ಹೇಳುವ ಇನ್‌ಪುಟ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟ 2.55ರ ಎರಡು ಹೀಟರ್‌ಗಳಿರುವ ಮನೆಯಲ್ಲಿ ರಾತ್ರಿಯ ಅಂಕಿ 35ರ ಸುತ್ತಮುತ್ತ ಏರಬೇಕು; 18ರ ಸುತ್ತಮುತ್ತ ಮಾತ್ರ ಏರಿದರೆ ಒಂದು ಹೀಟರ್ ಕಾಯುತ್ತಲೇ ಇಲ್ಲ, ಇಲ್ಲವೇ ಬೇರೆ ಅಂಕಿಯಲ್ಲಿ ಲೆಕ್ಕವಾಗುತ್ತಿದೆ. ಬೇಕೆಂದಾಗ ತಕ್ಷಣ ಕಾಯಿಸುವ ‘ಬೂಸ್ಟ್’ ಗುಂಡಿ ಮಾತ್ರ ಸಾಮಾನ್ಯ ಹಗಲು ಸರ್ಕ್ಯೂಟ್‌ನಲ್ಲಿರುತ್ತದೆ. ಬಿಸಿನೀರಿನ ಸಿಲಿಂಡರ್‌ಗೂ ಹಾಗೆಯೇ, ಕೆಳಗಿನ ಹೀಟರ್ ರಾತ್ರಿಗೆ, ಮೇಲಿನದು ಹಗಲಿನ ಬೂಸ್ಟ್‌ಗೆ. ಬೂಸ್ಟ್ ಒತ್ತಿ ಮರೆತುಹೋದ ಮನೆಗಳಲ್ಲಿ ಮೀಟರ್ ದೋಷವೆಂದು ತಿಂಗಳುಗಟ್ಟಲೆ ಜಗಳವಾದ ಮೇಲೆ ಆ ಗುಂಡಿ ಕಣ್ಣಿಗೆ ಬೀಳುತ್ತದೆ.

ಒಂದೇ ದರಕ್ಕೆ ಹೋಗಬೇಕೆ?

ದೋಷ ಸರಿಪಡಿಸಿದ ಮೇಲೆ ಮಾತ್ರ ಈ ಪ್ರಶ್ನೆ. ತಪ್ಪು ಅಂಕಿಯ ಮೇಲೆ ಮಾಡಿದ ಹೋಲಿಕೆ ತಪ್ಪು ದರಕ್ಕೇ ಕರೆದೊಯ್ಯುತ್ತದೆ.

ಒಂದೇ ದರದಿಂದ ಆಗುವ ಲಾಭ ಹಗಲಿನದು, ನಷ್ಟ ರಾತ್ರಿಯದು. ಹಗಲು ದರದಿಂದ ಒಂದೇ ದರವನ್ನು ಕಳೆಯಿರಿ. ಅದನ್ನು ಹಗಲು–ರಾತ್ರಿ ದರಗಳ ವ್ಯತ್ಯಾಸದಿಂದ ಭಾಗಿಸಿ. 30, 15 ಮತ್ತು ಒಂದೇ ದರ 25 ಎಂದಾದರೆ 5ನ್ನು 15ರಿಂದ ಭಾಗಿಸಿ ಮೂರನೇ ಒಂದು. ಒಟ್ಟು ಬಳಕೆಯಲ್ಲಿ ರಾತ್ರಿಯ ಪಾಲು ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ ಎರಡು ದರ ಲಾಭ, ಕಡಿಮೆಯಿದ್ದರೆ ಒಂದೇ ದರ. ವರ್ಷಕ್ಕೆ 4000 ಯೂನಿಟ್‌ನಲ್ಲಿ ರಾತ್ರಿ 1000 ಇದ್ದರೆ ಎರಡು ದರದಲ್ಲಿ 1050 ಪೌಂಡ್, ಒಂದೇ ದರದಲ್ಲಿ 1000. ರಾತ್ರಿ 1800 ಇದ್ದರೆ 930. ಎರಡು ಯೋಜನೆಗಳ ದಿನದ ಸ್ಥಿರ ಶುಲ್ಕ ಬೇರೆಯಿದ್ದರೆ ಅದನ್ನು 365ರಿಂದ ಗುಣಿಸಿ ಸೇರಿಸಿಕೊಳ್ಳಿ. ಲೆಕ್ಕಕ್ಕೆ ಪೂರ್ತಿ ವರ್ಷದ ನಿಜವಾದ ರೀಡಿಂಗ್ ಬೇಕು. ಬಿಲ್‌ನಲ್ಲಿ ‘ಎಸ್ಟಿಮೇಟೆಡ್’ ಎಂದಿರುವುದು, ಬೇಸಿಗೆಯ ಎರಡು ತಿಂಗಳದ್ದು ಆಗದು.

ಸ್ಮಾರ್ಟ್ ಮೀಟರನ್ನು ಕಂಪನಿ ದೂರದಿಂದಲೇ ಒಂದೇ ದರಕ್ಕೆ ಬದಲಿಸಬಹುದು. ಹಳೆಯ ಮೀಟರ್‌ನಲ್ಲಿ ಕೆಲವು ಕಂಪನಿಗಳು ಎರಡೂ ಅಂಕಿ ಪಡೆದು ಕೂಡಿಸಿ ಒಂದೇ ದರ ಹಾಕುತ್ತವೆ, ಕೆಲವು ಮೀಟರ್ ಬದಲಿಸಲೇಬೇಕೆನ್ನುತ್ತವೆ. ಕೂಡಿಸುವವರಾದರೆ ಮುಂದೆಯೂ ಎರಡೂ ರೀಡಿಂಗ್ ಕಳಿಸಬೇಕು. ಒಂದನ್ನೇ ಕೇಳುತ್ತಿದ್ದರೆ ಇನ್ನೊಂದರ ಬಳಕೆ ಎಲ್ಲೋ ಗುಡ್ಡೆಯಾಗುತ್ತಿದೆ. ಇನ್ನೊಂದು ಸಂಗತಿ: ಒಂದೇ ದರಕ್ಕೆ ಹೋದ ಮಾತ್ರಕ್ಕೆ ರಾತ್ರಿ ಸರ್ಕ್ಯೂಟ್ 24 ಗಂಟೆಯದಾಗುವುದಿಲ್ಲ. ಸ್ಟೋರೇಜ್ ಹೀಟರ್ ಮೊದಲಿನಂತೆ ರಾತ್ರಿಯೇ ಕಾಯುತ್ತದೆ, ಅದೂ ಅಗ್ಗದ ದರವಿಲ್ಲದೆ.

ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ಬಾಡಿಗೆದಾರರಾದರೂ ಕಂಪನಿ ಬದಲಿಸುವ ಹಕ್ಕು ನಿಮ್ಮದು. ಮೀಟರನ್ನೇ ಬದಲಿಸುವುದಾದರೆ ಮನೆ ಮಾಲೀಕರಿಗೆ ಮೊದಲೇ ತಿಳಿಸಿ, ಬಿಡುವಾಗ ಹಿಂದಿನಂತೆ ಮಾಡಿಕೊಡಬೇಕೆಂಬ ಷರತ್ತು ಕರಾರಿನಲ್ಲಿದೆಯೇ ನೋಡಿಕೊಳ್ಳಿ.

ಬದಲಾವಣೆಯ ದಿನ ಎರಡೂ ಅಂಕಿಗಳ ಫೋಟೋ ತೆಗೆದು ಹಳೆಯ ಕಂಪನಿಯ ಕೊನೆಯ ಬಿಲ್ ಮತ್ತು ಹೊಸದರ ಮೊದಲ ಬಿಲ್ ಎರಡಕ್ಕೂ ತಾಳೆ ನೋಡಿ. ಹಳೆಯದರ ಕೊನೆಯ ರಾತ್ರಿ ಅಂಕಿಯೇ ಹೊಸದರ ಮೊದಲ ರಾತ್ರಿ ಅಂಕಿಯಾಗಿರಬೇಕು. ಹೆಸರು ತಿರುಗುವುದು ಇಲ್ಲಿಯೇ. ಮೊದಲ ಬಿಲ್‌ನಲ್ಲೇ ಹಿಡಿದರೆ ಹತ್ತು ನಿಮಿಷದ ಕೆಲಸ.

ಕಂಪನಿಗೆ ಬರೆಯುವಾಗ

‘ಬಿಲ್ ಜಾಸ್ತಿ ಬಂದಿದೆ’ ಎಂದು ಬರೆದರೆ ಬಳಕೆ ಕಡಿಮೆ ಮಾಡುವ ಸಲಹೆಗಳ ಪಟ್ಟಿ ಬರುತ್ತದೆ. ‘ಡೇ ಮತ್ತು ನೈಟ್ ರಿಜಿಸ್ಟರ್‌ಗಳು ನಿಮ್ಮ ದಾಖಲೆಯಲ್ಲಿ ಅದಲುಬದಲಾಗಿವೆ, ಸರಿಪಡಿಸಿ, ಯಾವ ದಿನಾಂಕದಿಂದ ತಪ್ಪಿದೆಯೋ ಅಲ್ಲಿಂದ ಮರುಬಿಲ್ ಮಾಡಿ’ ಎಂದು ಬರೆಯಿರಿ. ಜೊತೆಗೆ ಎಂಪ್ಯಾನ್, ಮೀಟರ್‌ನ ಕ್ರಮಸಂಖ್ಯೆ, ಮಧ್ಯಾಹ್ನದ ಎರಡು ಫೋಟೋ, ನಸುಕಿನ ಎರಡು ಫೋಟೋ, ಪ್ರತಿಯೊಂದರ ದಿನಾಂಕ ಮತ್ತು ಗಂಟೆ. ಫೋನಿನಲ್ಲಿ ಹೇಳಿದ್ದನ್ನೂ ಅಂದೇ ಮೇಲ್‌ನಲ್ಲಿ ಮತ್ತೆ ಬರೆಯಿರಿ, ‘ದೂರು’ ಎಂಬ ಪದ ಇರಲಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಇನ್ನು ತಮ್ಮಿಂದಾಗದೆಂದು ಕಂಪನಿ ಬರಹದಲ್ಲಿ ಕೊಟ್ಟರೆ, ಇಂಥ ದೂರುಗಳನ್ನು ಸ್ವತಂತ್ರವಾಗಿ ತೀರ್ಮಾನಿಸುವ ಎನರ್ಜಿ ಓಂಬುಡ್ಸ್‌ಮನ್ ಬಳಿ ಉಚಿತವಾಗಿ ಹೋಗಬಹುದು.

ಸರಿಪಡಿಸಿದ್ದೇವೆ ಎಂಬ ಉತ್ತರ ಬಂದ ಮೇಲೆ ಎರಡು ವಾರ ಬಿಟ್ಟು ಮಧ್ಯಾಹ್ನ 3ರ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಆ್ಯಪ್‌ನಲ್ಲಿ ಯಾವ ಸಾಲು ಏರಿದೆ ನೋಡಿ. ಮರುಬಿಲ್‌ನಲ್ಲಿ ಹಗಲು, ರಾತ್ರಿ ಯೂನಿಟ್‌ಗಳ ಮೊತ್ತ ಹಳೆಯ ಬಿಲ್‌ನ ಮೊತ್ತಕ್ಕೆ ಸಮನಾಗಿಯೇ ಇರಬೇಕು. ಬದಲಾಗಬೇಕಾದುದು ಪಾಲು ಮಾತ್ರ. ಒಟ್ಟು ಯೂನಿಟ್ಟೇ ಬದಲಾಗಿದ್ದರೆ ಹೆಸರಿನ ಜೊತೆ ರೀಡಿಂಗನ್ನೂ ಯಾರೋ ಮುಟ್ಟಿದ್ದಾರೆ. ನಿಮ್ಮ ಫೋಟೋಗಳನ್ನು ಮತ್ತೆ ಕಳಿಸಿ.